ಡಿಸ್ಕ್ ಸೊನ್ನೆ, ಡಿಸ್ಕ್ ಒಂದು

"ಎಡಕ್ಕೆ ತಿರುಗಿಸಿ ಸಾರ್, ಎಡಕ್ಕೆ. ಬಲಕ್ಕೆ ತಿರುಗಿಸಿದ್ರೆ ಇನ್ನೂ ಬಿಗಿಯಾಗುತ್ತೆ."

ಇನ್ಸ್‌ಪೆಕ್ಟರ್ ಸ್ಕ್ರೂ ಡ್ರೈವರನ್ನು ಎಡಕ್ಕೆ ತಿರುಗಿಸಿದರು. ಅವಸರವೆಂಬುದು ಅವರ ಜಾತಕದಲ್ಲೇ ಇರಲಿಲ್ಲ. ಠಾಣೆಯವರು ಬೆನ್ನ ಹಿಂದೆ ಅವರನ್ನು ನಿಧಾನಪ್ಪ ಎಂದು ಕರೆಯುತ್ತಿದ್ದರು. ಎದುರಿಗೆ ಕರೆಯುವ ಗಂಡೆದೆ ಯಾರಿಗೂ ಇರಲಿಲ್ಲ.

ಮೇಜಿನ ಈಚೆ ನಿಂತ ಅಕ್ಕನಿಗೆ ಕೈ ತುರಿಸುತ್ತಿತ್ತು. ಬೀದಿಗೆಲ್ಲ ಅವಳು ರಿಪೇರಿ ಅಕ್ಕ. ಅಪ್ಪನ ಅಂಗಡಿಯಲ್ಲಿ, ಅವರು ಬದುಕಿದ್ದಾಗಿನಿಂದಲೂ, ಇಪ್ಪತ್ತೆರಡು ವರ್ಷ ಕಂಪ್ಯೂಟರ್ ಬಿಚ್ಚಿ ಜೋಡಿಸಿದವಳು. ಅವಳ ಕೈಗೆ ಸಿಕ್ಕಿದ್ದರೆ ಇದು ಅರ್ಧ ನಿಮಿಷದ ಕೆಲಸ. ಆದರೆ ಮಾತಾಗಿತ್ತು: ಆರೋಪಿಯ ಒಡಹುಟ್ಟಿದವಳು ಸಾಕ್ಷ್ಯವನ್ನು ಮುಟ್ಟುವ ಹಾಗಿಲ್ಲ. ಬಾಯಲ್ಲಿ ಹೇಳಬಹುದು, ಕೈ ಬೆನ್ನ ಹಿಂದೆ ಇರಬೇಕು.

ಗೋಡೆಯ ಗಡಿಯಾರ ಮೂರು ಹತ್ತು ತೋರಿಸುತ್ತಿತ್ತು. ಐದಕ್ಕೆ ತಮ್ಮನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ತಪ್ಪೊಪ್ಪಿಕೊಳ್ಳುತ್ತೇನೆ ಎಂದು ಅವನು ಬೆಳಿಗ್ಗೆಯೇ ಬರೆದುಕೊಟ್ಟುಬಿಟ್ಟಿದ್ದ.

ರಕ್ತ ಪರೀಕ್ಷೆಯ ಲ್ಯಾಬಿನಿಂದ ಹೊರಟ ಒಂದು ತಪ್ಪು ರಿಪೋರ್ಟು ಶನಿವಾರ ಒಬ್ಬ ಬಸುರಿಯ ಜೀವ ತೆಗೆದಿತ್ತು. ಭಾನುವಾರ ಆ ಲ್ಯಾಬಿನ ಕಂಪ್ಯೂಟರಿನಲ್ಲಿದ್ದದ್ದೆಲ್ಲ ಅಳಿಸಿಹೋಗಿತ್ತು. ಆ ಕಂಪ್ಯೂಟರನ್ನು ನೋಡಿಕೊಳ್ಳುತ್ತಿದ್ದವನೂ ಲ್ಯಾಬಿನ ಕೀಲಿ ಇಟ್ಟುಕೊಂಡಿದ್ದವನೂ ತಮ್ಮನೇ. ಪೊಲೀಸರಿಗೆ ಇಷ್ಟು ಸಾಕಾಗಿತ್ತು. ಇನ್ಸ್‌ಪೆಕ್ಟರಿಗೆ ಮಾತ್ರ ಸಾಕಾಗಿರಲಿಲ್ಲ, ಅದಕ್ಕೇ ಅಕ್ಕನನ್ನು ಕರೆಸಿದ್ದರು.

ಮುಚ್ಚಳ ಕಳಚಿತು. ಒಳಗಿನ ಧೂಳಿಗೆ ಇನ್ಸ್‌ಪೆಕ್ಟರ್ ಎರಡು ಸಲ ಸೀನಿದರು.

"ನಮ್ಮ ತಜ್ಞರು ಡಿಸ್ಕ್ ಬಿಚ್ಚಿ, ನಕಲು ತೆಗೆದು, ವಾಪಸ್ ಹಾಕಿದಾರಮ್ಮ. ಭಾನುವಾರ ಮಧ್ಯಾಹ್ನ ಒಂದೂ ನಲವತ್ತಕ್ಕೆ ಕಂಪ್ಯೂಟರ್ ನಡೆಸೋ ಓಎಸ್ ಹೊಸದಾಗಿ ಹಾಕಿದೆ, ಹಳೇದು ಒಂದಕ್ಷರವೂ ಉಳಿದಿಲ್ಲ ಅಂತ ಬರೆದಿದಾರೆ."

"ಕಂಪ್ಯೂಟರ್ ಆನ್ ಮಾಡಿ ನೋಡಿದ್ರಾ?"

"ಇಲ್ಲ. ಯಾಕೆ?"

"ನಕಲು ಇದೆಯಲ್ಲ, ಹೆದರಬೇಡಿ. ಒಂದ್ಸಲ ಆನ್ ಮಾಡಿ ಸಾರ್."

ಫ್ಯಾನು ಗುರ್ ಎಂದಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಒಂದು ಸಾಲು ಬಂದು ನಿಂತಿತು. ಶುರು ಮಾಡಲು ಬೇಕಾದ ಡಿಸ್ಕ್ ಸಿಗುತ್ತಿಲ್ಲ ಎಂಬುದು ಅದರ ತಾತ್ಪರ್ಯ.

"ಇದೊಳ್ಳೆ ಕತೆ! ಡಿಸ್ಕ್ ಕಣ್ಣೆದುರಿಗೇ ಇದೆಯಲ್ಲ." ಇನ್ಸ್‌ಪೆಕ್ಟರ್ ಅಂಗೈ ಅಗಲದ ಚಪ್ಪಟೆ ಡಬ್ಬಿಯ ಮೇಲೆ ಬೆರಳಿಟ್ಟರು. "ಹೊಸ ಓಎಸ್ ಇದರಲ್ಲೇ ಇದೆ ಅಂತ ತಜ್ಞರೇ ಬರೆದಿದಾರೆ."

ಅಕ್ಕ ಉಸಿರು ಬಿಗಿಹಿಡಿದು ಆ ಸಾಲನ್ನೇ ನೋಡಿದಳು. ಆರು ದಿನದಿಂದ ಕಲ್ಲಾಗಿದ್ದ ಎದೆಯೊಳಗೆ ಏನೋ ಮಿಸುಕಾಡಿತು. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕ ಹಾಗಾಗಿತ್ತು.

"ಇನ್ನೊಂದ್ಸಲ ಆನ್ ಮಾಡಿ ಸಾರ್."

ಮತ್ತೆ ಅದೇ ಸಾಲು.

"ಸಾರ್, ಓಎಸ್ ಅನ್ನೋದು ಮನೆ ಅಂದ್ಕೊಳ್ಳಿ. ಆ ಮನೆ ಒಳಗೆ ಹೋಗೋಕೆ ಒಂದು ಬಾಗಿಲು ಬೇಕು. ಆ ಬಾಗಿಲೂ ಡಿಸ್ಕಿನಲ್ಲೇ ಒಂದು ಪುಟ್ಟ ಜಾಗದಲ್ಲಿರುತ್ತೆ. ಈ ಡಬ್ಬೀಲಿ ಮನೆ ಇದೆ, ಬಾಗಿಲಿಲ್ಲ."

"ಬಾಗಿಲು ಯಾರು ಹೊತ್ಕೊಂಡ್ ಹೋದ್ರು?"

"ಅದೇ ಹೇಳ್ತಿದೀನಿ. ಕಂಪ್ಯೂಟರಲ್ಲಿ ಎರಡು ಡಿಸ್ಕ್ ಇದ್ದು, ಒಂದರಲ್ಲಿ ಮೊದಲೇ ಬಾಗಿಲಿದ್ರೆ, ಹೊಸ ಓಎಸ್ ಬೇರೆ ಬಾಗಿಲು ಕಟ್ಟೋಕೆ ಹೋಗಲ್ಲ. ಅದನ್ನೇ ಬಳಸ್ಕೊಳ್ಳುತ್ತೆ. ಅಂದ್ರೆ ಭಾನುವಾರ ಇದರಲ್ಲಿ ಇನ್ನೊಂದು ಡಿಸ್ಕ್ ಇತ್ತು. ಅಲ್ಲಿ, ಆ ಅಲ್ಯೂಮಿನಿಯಂ ಪಟ್ಟಿ ಇದೆಯಲ್ಲ, ಅದರ ಕೆಳಗೆ ನೋಡಿ."

ಪಟ್ಟಿ ಬಿಚ್ಚಲು ಇನ್ಸ್‌ಪೆಕ್ಟರಿಗೆ ಮೂರು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅಕ್ಕ ಸೆರಗಿನ ತುದಿಯನ್ನು ತಿರುವಿ ತಿರುವಿ ಹಗ್ಗ ಮಾಡಿದ್ದಳು. ಪಟ್ಟಿಯ ಕೆಳಗೆ ಬೆರಳುದ್ದದ ಜಾಗ ಖಾಲಿ ಇತ್ತು. ಸುತ್ತ ಧೂಳು, ನಡುವೆ ಕಡ್ಡಿಯ ಆಕಾರದಲ್ಲಿ ಚೊಕ್ಕಟವಾದ ಹಸಿರು ಬೋರ್ಡು.

"ಇಲ್ಲೊಂದು ಕಡ್ಡಿ ಇತ್ತು ಸಾರ್. ಅದೂ ಎಸ್ಎಸ್‌ಡಿನೇ, ತಿರುಗೋ ಭಾಗವಿಲ್ಲದ ಡಿಸ್ಕು, ಡಬ್ಬಿಗಿಂತ ನಾಲ್ಕೈದು ಪಟ್ಟು ಜೋರು. ಹಳೇ ಓಎಸ್, ಲ್ಯಾಬಿನ ಲೆಕ್ಕ, ಯಾವ ರಿಪೋರ್ಟನ್ನ ಯಾರು ಎಷ್ಟು ಹೊತ್ತಿಗೆ ತಿದ್ದಿದ್ರು ಅನ್ನೋದು, ಎಲ್ಲ ಆ ಕಡ್ಡಿಯಲ್ಲಿತ್ತು. ಡಬ್ಬೀಲಿ ಇದ್ದದ್ದು ಅದರ ನಕಲು ಮಾತ್ರ."

"ಕುದುರೆ ಇದ್ದೂ ಕತ್ತೆ ಹತ್ತಿದ ಹಾಗಾಯ್ತಲ್ಲಮ್ಮ. ಹೊಸ ಓಎಸ್‌ನ ಜೋರಾಗಿರೋದ್ರಲ್ಲಿ ಹಾಕೋದು ಬಿಟ್ಟು ಡಬ್ಬೀಲಿ ಯಾಕೆ ಹಾಕ್ದ?"

"ಬೇಕು ಅಂತ ಹಾಕಿಲ್ಲ ಸಾರ್. ಎಡವಿದಾನೆ." ಅಕ್ಕ ಗದ್ದದಿಂದಲೇ ಖಾಲಿ ಜಾಗ ತೋರಿಸಿದಳು. "ಅಳಿಸ್ಬೇಕಾಗಿದ್ದು ಕಡ್ಡೀನ. ಆದ್ರೆ ಓಎಸ್ ಹಾಕೋ ಪರದೆಯಲ್ಲಿ ಡಿಸ್ಕಿನ ಹೆಸರು ಬರಲ್ಲ. ಸೊನ್ನೆ, ಒಂದು ಅಂತ ನಂಬರು, ಪಕ್ಕದಲ್ಲಿ ಅಳತೆ, ಅಷ್ಟೇ. ಇಲ್ಲಿ ಎರಡೂ ಐನೂರು ಜಿಬಿ ಅಳತೆ. ಯಾವುದು ಯಾವುದು ಅಂತ ಗೊತ್ತಾಗದೆ ಡಬ್ಬೀನ ಒತ್ತಿದಾನೆ. ಕಡ್ಡಿ ಹಾಗೇ ಉಳ್ಕೊಂಡಿದೆ. ನೋಡಿ ಗಾಬರಿಯಾಗಿ ಕಿತ್ಕೊಂಡು ಹೋಗಿದಾನೆ. ಅದರ ಜೊತೆ ಬಾಗಿಲೂ ಹೋಯ್ತು. ಅಳಿಸಿಲ್ಲ ಸಾರ್! ಕದ್ದಿದಾರೆ, ಅಷ್ಟೇ!"

ಅವಳು ನಕ್ಕಳು. ಆರು ದಿನದ ಮೇಲೆ ಬಂದ ನಗು ಅಳುವಿನ ಹಾಗೇ ಕೇಳಿಸಿತು.

"ನನ್ನ ತಮ್ಮ ಮಾಡಿದ್ದಲ್ಲ ಅನ್ನೋಕೂ ಇದೇ ಸಾಕ್ಷಿ. ನಮ್ಮಪ್ಪ ಕಲಿಸಿದ ಮೊದಲ ಪಾಠವೇ ಇದು. ಎರಡು ಡಿಸ್ಕ್ ಕಂಡ್ರೆ ಒಂದನ್ನ ಕಿತ್ತು ಜೇಬಿಗೆ ಹಾಕು, ಆಮೇಲೆ ಓಎಸ್ ಹಾಕು. ಮರೆತ್ರೆ ತಲೆ ಮೇಲೊಂದು ಮೊಟಕ್ತಿದ್ರು. ಅಪ್ಪನ ಕೈಯಲ್ಲಿ ಕಲಿತವರು ಯಾರೂ ಈ ತಪ್ಪು ಮಾಡಲ್ಲ."

"ನಿಮ್ಮಪ್ಪನ ಮೊಟಕು ಕೋರ್ಟಲ್ಲಿ ಸಾಕ್ಷಿ ಹೇಳಲ್ಲಮ್ಮ," ಇನ್ಸ್‌ಪೆಕ್ಟರ್ ಕುರ್ಚಿಗೆ ಒರಗಿದರು. "ನನಗೆ ಕಡ್ಡಿ ಬೇಕು. ಇಷ್ಟೊತ್ತಿಗೆ ಮುರಿದು ಚರಂಡಿಗೆ ಹಾಕಿರ್ತಾನೆ ಬಿಡಿ."

"ಇಲ್ಲ ಸಾರ್. ಈ ಕೆಲಸದವರ ಕೈಗೆ ಒಳ್ಳೆ ಡಿಸ್ಕ್ ಮುರಿಯೋದು ಬರಲ್ಲ. ಅಭ್ಯಾಸ ಹಾಗೆ. ಅಳಿಸಿ ಇನ್ನೊಂದು ಕಂಪ್ಯೂಟರಿಗೆ ಹಾಕ್ತಾರೆ. ಆದ್ರೆ ಅಳಿಸಿಬಿಟ್ರೆ ಮುಗೀತು. ಹಳೇ ತಿರುಗೋ ಡಿಸ್ಕಾದ್ರೆ ಕೆದಕಿ ತೆಗೀಬಹುದಿತ್ತು. ಇದರಲ್ಲಿ ಅಳಿಸಿದ್ದು ಅಳಿಸಿದ್ದೇ. ದೇವರು ಬಂದ್ರೂ ಸಿಗಲ್ಲ."

"ಹಾಗಿದ್ರೆ ಹೇಳಿ. ಅಲ್ಲೊಂದು ಕಡ್ಡಿ ಇದೆ ಅಂತ ಯಾರ್ಯಾರಿಗೆ ಗೊತ್ತಿತ್ತು? ಲ್ಯಾಬಿನ ಡಾಕ್ಟರಿಗೆ?"

"ಡಾಕ್ಟರಿಗೆ ಆನ್ ಮಾಡೋದು, ಆಫ್ ಮಾಡೋದು ಬಿಟ್ರೆ ಬೇರೇನೂ ಬರಲ್ಲ."

"ಮೇಲಾಗಿ ಭಾನುವಾರ ಅವರು ಊರಲ್ಲೇ ಇರ್ಲಿಲ್ಲ. ನಲವತ್ತು ಜನ ಡಾಕ್ಟರುಗಳ ಜೊತೆ ಕೂತು ಭಾಷಣ ಕೇಳ್ತಿದ್ರು. ಮತ್ತೆ ಯಾರಿಗೆ ಗೊತ್ತಿತ್ತು?"

"ನನಗೆ. ನನ್ನ ತಮ್ಮನಿಗೆ."

"ಮತ್ತೆ?"

ಅಕ್ಕ ಬಾಯಿ ತೆರೆದಳು. ಹೋದ ವರ್ಷ ಆ ಕಡ್ಡಿಯನ್ನು ಬೆಳ್ಳಿ ಬಣ್ಣದ ಚೀಲದಲ್ಲಿಟ್ಟು, ಲ್ಯಾಬಿಗೆ ಹೋಗಿ ಹಾಕಿ ಬನ್ನಿ ಎಂದು ಅವಳೇ ಕೊಟ್ಟಿದ್ದಳು. ಯಾರ ಕೈಗೆ ಕೊಟ್ಟಿದ್ದಳೆಂಬುದು ಆಗ ನೆನಪಿಗೆ ಬಂತು. ಅಂಗಡಿಯ ಕೌಂಟರಿನಲ್ಲಿ ಕೂರುವವರು, ಅಪ್ಪ ಹೋದ ಮೇಲೆ ಅಂಗಡಿಗೆ ಬಂದವರು, ಓಎಸ್ ಹಾಕುವುದನ್ನು ಫೋನಿನ ವಿಡಿಯೋ ನೋಡಿ ಕಲಿತವರು.

"ಅಷ್ಟೇ ಸಾರ್. ಇಬ್ಬರೇ," ಎಂದಳು.

ಇನ್ಸ್‌ಪೆಕ್ಟರ್ ಅವಳ ಮುಖವನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

"ನನ್ನ ತಮ್ಮನ ಜೊತೆ ಎರಡು ನಿಮಿಷ ಮಾತಾಡ್ಬೇಕು ಸಾರ್. ಕಾಲಿಗೆ ಬೀಳ್ತೀನಿ."

"ಕಾಲಿಗೆಲ್ಲ ಬೇಡಮ್ಮ. ಬನ್ನಿ."

ಲಾಕಪ್ಪು ಠಾಣೆಯ ಹಿಂಭಾಗದಲ್ಲಿ, ನಾಲ್ಕು ಹೆಜ್ಜೆಗೆ ಮುಗಿಯುವ ಕೋಣೆ. ತಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಗಡ್ಡ ಬೆಳೆದು, ಮೂವತ್ತರ ಹುಡುಗ ನಲವತ್ತೈದರವನಂತೆ ಕಾಣುತ್ತಿದ್ದ. ಅಮ್ಮ ಸತ್ತಾಗ ಅವನಿಗೆ ಏಳು ವರ್ಷ. ತಲೆ ಬಾಚಿ ಶಾಲೆಗೆ ಕಳಿಸಿದವಳು ಅಕ್ಕನೇ. ಅವನ ಕೆದರಿದ ತಲೆ ನೋಡಿ ಅವಳಿಗೆ ಕರುಳು ಕಿತ್ತುಬಂತು.

"ಮತ್ಯಾಕೆ ಬಂದೆ ಅಕ್ಕ?"

"ಭಾನುವಾರ ಕೀಲಿ ಯಾರಿಗೆ ಕೊಟ್ಟೆ?"

"ಯಾರಿಗೂ ಇಲ್ಲ."

"ಮಿಷನ್ ಬಿಚ್ಚಿಸ್ದೆ ಕಣೋ. ಕಡ್ಡಿ ಇಲ್ಲ. ಡಬ್ಬೀಲಿ ಓಎಸ್ ಇದೆ, ಬೂಟ್ ಆಗ್ತಿಲ್ಲ."

ತಮ್ಮ ತಲೆ ಎತ್ತಿದ. ಇನ್ಸ್‌ಪೆಕ್ಟರಿಗೆ ಕಾಲು ಗಂಟೆ ಹಿಡಿದದ್ದು ಅವನಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಅಪ್ಪನ ಕೈಯಲ್ಲಿ ಮೊಟಕು ತಿಂದವನಲ್ಲವೇ.

"ಇದನ್ನ ಅವರಿಗೆ ಹೇಳಿದ್ಯಾ?"

"ಹೇಳ್ದೆ."

"ಯಾಕೆ ಹೇಳ್ದೆ?" ಅವನು ಹಣೆ ಬಡಿದುಕೊಂಡ. "ನಾನು ಒಪ್ಕೊಂಡಾಗಿತ್ತು. ಐದು ಗಂಟೆಗೆ ಮುಗಿದೇ ಹೋಗ್ತಿತ್ತು. ಸುಮ್ನಿರೋಕೆ ಏನಾಗಿತ್ತು ನಿಂಗೆ?"

"ಸುಮ್ನಿರೋದಾ? ಒಂದು ಜೀವ ಹೋಗಿದೆ ಕಣೋ. ಹೊಟ್ಟೇಲಿದ್ದ ಕೂಸೂ ಹೋಗಿದೆ. ನೀನು ಜೈಲಿಗೆ ಹೋದ್ರೆ ಮತ್ತೆ ಮುಖ ನೋಡ್ತೀನೋ ಇಲ್ವೋ!"

"ನಂಗೇನಕ್ಕ? ಹಿಂದಿಲ್ಲ ಮುಂದಿಲ್ಲ. ನಿಂಗೆ ಮನೆ ಇದೆ, ಸಂಸಾರ ಇದೆ. ಪುಟ್ಟಿ ಓದು ಇನ್ನೊಂದು ವರ್ಷ ಇದೆ. ಅದನ್ನ ನೋಡ್ಕೋ."

ಅಕ್ಕ ಸರಳುಗಳನ್ನು ಹಿಡಿದುಕೊಂಡಳು. ಇವನು ಒಪ್ಪಿಕೊಂಡದ್ದು ಪೊಲೀಸರ ಹೊಡೆತಕ್ಕಲ್ಲ, ಸುಸ್ತಿಗೂ ಅಲ್ಲ. ಆರು ದಿನದಿಂದ ಇವನು ಬಾಯಿಗೆ ಬೀಗ ಹಾಕಿಕೊಂಡದ್ದು ಅವಳ ತಾಳಿಗಾಗಿ.

"ಭಾವ ಬಂದಿದ್ರಾ?"

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ.

"ನನ್ನ ಮೇಲಾಣೆ. ಭಾವ ಬಂದಿದ್ರಾ?"

"ಲ್ಯಾಬಲ್ಲಿ ಪ್ರಿಂಟರ್ ಕೆಟ್ಟಿದೆಯಂತೆ, ಡಾಕ್ಟರ್ ಫೋನ್ ಮಾಡಿದ್ರು, ಕೀಲಿ ಕೊಡು ಅಂದ್ರು." ಅವನ ದನಿ ಇಳಿದುಹೋಗಿತ್ತು. "ಡಾಕ್ಟರೂ ಅವರೂ ಒಂದೇ ಬೆಂಚಲ್ಲಿ ಕೂತು ಓದಿದವರು. ಗೆಳೆಯನ ತಪ್ಪು ಮುಚ್ಚೋಕೆ ಹೋಗ್ತಿದಾರೆ ಅಂತ ನಾನೇನು ಅನುಮಾನ ಪಡ್ಲಿ? ನನ್ನ ಕೈಯಾರೆ ಕೊಟ್ಟೆ ಅಕ್ಕ."

ಬಾಗಿಲ ಹೊರಗೆ ಇನ್ಸ್‌ಪೆಕ್ಟರ ಬೂಟು ಸರಿದ ಸದ್ದಾಯಿತು. ಅವರು ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ. ಅತ್ತ ದರಿ ಇತ್ತ ಪುಲಿ ಎಂಬುದನ್ನು ಅವಳು ಎಷ್ಟು ಸಲ ಬಾಯಿಮಾತಿಗೆ ಆಡಿದ್ದಳೋ. ಈಗ ಒಂದು ಕಡೆ ತಮ್ಮ, ಇನ್ನೊಂದು ಕಡೆ ಗಂಡ, ನಡುವೆ ತಾನು ನಿಂತಿದ್ದಳು. ಗಂಡನ ಹೆಸರು ಹೇಳಿದರೆ ಮನೆ ಉರಿಯುತ್ತದೆ. ಹೇಳದಿದ್ದರೆ ಈ ಕೆದರಿದ ತಲೆ ಐದು ಗಂಟೆಗೆ ಕೋರ್ಟಿನಲ್ಲಿ ಬಗ್ಗುತ್ತದೆ.

ಅವಳ ಫೋನು ರಿಂಗಾಯಿತು. ಮಗಳು.

"ಅಮ್ಮಾ, ಬೇಗ ಹೇಳು. ಅಪ್ಪ ನನ್ನ ಕಂಪ್ಯೂಟರಿಗೆ ಹೊಸ ಕಡ್ಡಿ ಹಾಕಿದಾರೆ. ಇನ್ಮೇಲೆ ಕಣ್ಣು ಮಿಟುಕಿಸೋದ್ರಲ್ಲಿ ಓಪನ್ ಆಗುತ್ತಂತೆ. ಈಗ ಓಎಸ್ ಹಾಕೋ ಪರದೆ ಬಂದಿದೆ. ಡಿಸ್ಕ್ ಸೊನ್ನೆ, ಡಿಸ್ಕ್ ಒಂದು ಅಂತ ತೋರಿಸ್ತಿದೆ. ಯಾವುದನ್ನ ಅಳಿಸ್ಬೇಕು?"

"ಅಳಿಸೋದಾ?" ಅಕ್ಕ ಗೋಡೆ ಹಿಡಿದುಕೊಂಡಳು. "ಹೊಸ ಕಡ್ಡಿ ಅಲ್ವಾ, ಅದರಲ್ಲಿ ಅಳಿಸೋಕೆ ಏನಿರುತ್ತೆ?"

"ಅದೇ ನಂಗೂ ಅರ್ಥ ಆಗ್ತಿಲ್ಲ. ಎರಡೂ ತುಂಬಿದೆ ಅಂತ ತೋರಿಸ್ತಿದೆ, ಎರಡೂ ಐನೂರು. ಅಪ್ಪ ಯಾವುದೋ ಒಂದನ್ನ ಒತ್ತೋಕೆ ಹೋಗಿದ್ರು. ನಾನೇ ತಡಿ ಅಮ್ಮನ್ನ ಕೇಳ್ತೀನಿ ಅಂದೆ. ನನ್ನ ಡ್ರಾಯಿಂಗ್ ಎಲ್ಲ ಇದರಲ್ಲೇ ಇದೆಯಲ್ಲಮ್ಮ."

ಮಗಳು ಕಟ್ಟಡಗಳ ನಕ್ಷೆ ಬರೆಯುವುದನ್ನು ಓದುತ್ತಿದ್ದಳು. ಮೂರು ವರ್ಷದ ನಕ್ಷೆಗಳು, ಬರುವ ವಾರ ಕಾಲೇಜಿಗೆ ಒಪ್ಪಿಸಬೇಕಾದದ್ದೂ ಸೇರಿ, ಆ ಹಳೆಯ ಡಿಸ್ಕಿನಲ್ಲಿದ್ದವು. ಇನ್ನೊಂದರಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಇವತ್ತು ಮಿಷನ್ ಬಿಚ್ಚುತ್ತಾರಂತೆ ಕಣ್ರೀ ಎಂದು ಬೆಳಿಗ್ಗೆ ಗಂಡನಿಗೆ ಅಕ್ಕನೇ ಬಾಯಾರೆ ಹೇಳಿ ಬಂದಿದ್ದಳು. ಆರು ದಿನ ಬಚ್ಚಿಟ್ಟದ್ದನ್ನು ಇವತ್ತೇ ಹೊರಗೆ ತೆಗೆದದ್ದು ಅದಕ್ಕೇ.

ಅಕ್ಕ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು. ಪಕ್ಕಕ್ಕೆ ಬಂದು ನಿಂತ ಇನ್ಸ್‌ಪೆಕ್ಟರ್ ಬಗ್ಗಿ ಕೇಳಿಸಿಕೊಂಡರು. ಅವರಿಗೆ ವಿವರಿಸಬೇಕಾದ್ದು ಏನೂ ಉಳಿದಿರಲಿಲ್ಲ. ಕಾನ್‌ಸ್ಟೇಬಲನ ಕಡೆ ತಿರುಗಿ ಜೀಪಿಗೆ ಸನ್ನೆ ಮಾಡಿದರು. ಜೀಪು ಎಷ್ಟು ಓಡಿದರೂ ಮನೆ ಮುಟ್ಟಲು ಹನ್ನೆರಡು ನಿಮಿಷ ಬೇಕು. ಅಳಿಸಲು ಒಂದು ಒತ್ತು ಸಾಕು.

"ಪುಟ್ಟಿ, ನನ್ ಮಾತು ಕೇಳು. ಏನೂ ಒತ್ಬೇಡ. ಮೊದಲು ಹಿಂದಿರೋ ಕರೆಂಟ್ ವೈರು..."

"ಅಮ್ಮಾ, ಸ್ಪೀಕರ್ ಹಾಕಿದೀನಿ. ಅಪ್ಪ ಪಕ್ಕದಲ್ಲೇ ಇದಾರೆ."

"ವೈರ್ ಯಾಕೇ ಕೀಳ್ಬೇಕು?" ಗಂಡನ ದನಿ. ಗಿರಾಕಿಗೆ ಕೇಬಲ್ ತೋರಿಸುವಾಗ ಬಳಸುವ ಅದೇ ಮೆತ್ತನೆಯ ದನಿ. "ಕೆಲಸ ಅರ್ಧ ಆಗಿದೆ. ಸೊನ್ನೆನೋ ಒಂದೋ, ಅಷ್ಟು ಹೇಳು ಸಾಕು."

ಫೋನ್ ಇಟ್ಟುಬಿಟ್ಟರೆ ಅವರು ಎರಡನ್ನೂ ಅಳಿಸುತ್ತಾರೆ. ನಿಜ ಹೇಳಿದರೆ ಕಡ್ಡಿ ಹೋಗುತ್ತದೆ, ತಮ್ಮ ಹೋಗುತ್ತಾನೆ. ಮಗಳ ಕಂಪ್ಯೂಟರನ್ನು ಅವಳೇ ಕೈಯಾರೆ ಜೋಡಿಸಿದ್ದಳು. ಆ ಬೋರ್ಡಿನಲ್ಲಿ ವೈರಿಗೆ ಸಿಕ್ಕಿಸಿದ ಡಬ್ಬಿಗೆ ಮೊದಲ ನಂಬರು, ಕಡ್ಡಿಗೆ ಆಮೇಲಿನದು. ಸೊನ್ನೆ ಮಗಳದು. ಒಂದು ತಮ್ಮನದು.

ಸರಳಿನ ಆಚೆ ತಮ್ಮ ಎದ್ದು ನಿಂತಿದ್ದ. ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದ.

ನಕ್ಷೆಯನ್ನು ಮತ್ತೆ ಬರೆಯಬಹುದು, ಒಂದು ವರ್ಷ ಹೋದರೆ ಹೋಗಲಿ, ಮನುಷ್ಯನನ್ನು ಮತ್ತೆ ಬರೆಯಲಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೆತ್ತ ಮಗಳ ಕೈಯಿಂದಲೇ ಅವಳ ಮೂರು ವರ್ಷವನ್ನು ಒರೆಸಿಹಾಕಿಸಲು ಹೊರಟ ತಾಯಿಗೆ ಯಾವ ನರಕವೋ ಎಂದೂ ಅನ್ನಿಸಿತು.

"ಸೊನ್ನೆ," ಎಂದಳು.

"ಸೊನ್ನೇನಾ? ಗ್ಯಾರಂಟಿನಾ ಅಮ್ಮ?"

"ಗ್ಯಾರಂಟಿ ಪುಟ್ಟಿ. ಸೊನ್ನೆ ಅಳಿಸು."

ಆ ಕಡೆ ಕಂಪ್ಯೂಟರಿನ ಫ್ಯಾನು ತಿರುಗುವುದು ಮಾತ್ರ ಕೇಳುತ್ತಿತ್ತು. ಆಮೇಲೆ ಗಂಡ ನಿಟ್ಟುಸಿರು ಬಿಟ್ಟರು.

"ಇಷ್ಟು ಹೊತ್ತು ಯೋಚಿಸಿ ನೀನು ಯಾವತ್ತೂ ಉತ್ತರ ಕೊಟ್ಟವಳಲ್ಲ ಕಣೇ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿನಂಥದೇನೋ ಇತ್ತು. "ಗೊತ್ತಾಯ್ತು ಬಿಡು. ಪುಟ್ಟಿ, ಸೊನ್ನೆ ನಿಂದು, ಮುಟ್ಬೇಡ. ಒಂದನ್ನ ಅಳಿಸು."

"ಅಪ್ಪ, ಅಮ್ಮ ಸೊನ್ನೆ ಅಂದ್ಲಲ್ಲ?"

"ನಿಮ್ಮಮ್ಮ ಸುಳ್ಳು ಹೇಳ್ತಿದಾಳೆ."

"ಪುಟ್ಟಿ, ಅಪ್ಪನ ಮಾತು ಕೇಳ್ಬೇಡ!" ಅಕ್ಕ ಕೂಗಿಕೊಂಡಳು. ಠಾಣೆಯ ಹಿಂಭಾಗವೆಲ್ಲ ಆ ಕೂಗಿಗೆ ತಿರುಗಿ ನೋಡಿತು. "ಅದು ಮಾಮನ ಜೀವ ಕಣೇ! ಒಂದನ್ನ ಮುಟ್ಬೇಡ!"

"ಹಾಗಾದ್ರೆ ಸೊನ್ನೆ ನಂದೇನಾ?" ಮಗಳ ದನಿ ಒಡೆಯಿತು. "ಗೊತ್ತಿದ್ದೂ ಅಳಿಸು ಅಂದ್ಯಾ ಅಮ್ಮ?"

ಆ ಕಡೆ ಕುರ್ಚಿಯೊಂದು ಉರುಳಿತು, ಬಿಡಪ್ಪಾ ಕೈ ಬಿಡು ಎಂದು ಮಗಳು ಕಿರುಚಿದಳು, ನಂತರ ಮೌಸ್ ಟಿಕ್ ಎಂದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಒತ್ತಿದ್ದು ಯಾರ ಬೆರಳೆಂದು ಕೇಳುವಷ್ಟರಲ್ಲಿ ಫೋನು ಕಡಿದುಹೋಗಿತ್ತು.